ಜಿರ್ಕೋನಿಯಾ ಕ್ಯಾಪ್ ಹಾಕಿಸಿದರೆ ಹಲ್ಲು ಜೀವನಪೂರ್ತಿ ಗಟ್ಟಿಯೇ? ಹಲ್ಲಿನ ‘ಸಿಮೆಂಟ್’ಗಳ ಬಗ್ಗೆ ಹರಿದಾಡುವ ಮೂರು ಮಾತುಗಳ ನಿಜಾಂಶ

ಹಲ್ಲಿನ ಚಿಕಿತ್ಸೆಯ ಬಗ್ಗೆ ಫೋನಿನಿಂದ ಫೋನಿಗೆ ಓಡಾಡುವ ಸಂದೇಶಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಒಂದು: ರೂಟ್ ಕೆನಾಲ್ ಮಾಡಿಸಿದ ಹಲ್ಲು ಸತ್ತ ಹಲ್ಲು. ಒಣಗಿದ ಕಡ್ಡಿಯಂತೆ ಮುರಿದೇ ಮುರಿಯುತ್ತದೆ. ದುಡ್ಡು ದಂಡ ಮಾಡುವ ಬದಲು ಕೀಳಿಸಿಬಿಡಿ.

ಎರಡು: ಬೆಳ್ಳಿ ಬಣ್ಣದ ಹಳೇ ಸಿಮೆಂಟ್‌ನಲ್ಲಿ ಪಾದರಸ ಇದೆ. ಇವತ್ತೇ ಹೋಗಿ ತೆಗೆಸಿ.

ಮೂರು: ಜಿರ್ಕೋನಿಯಾ ಕ್ಯಾಪ್ ವಜ್ರದಷ್ಟು ಗಟ್ಟಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಯೋಚನೆಯೇ ಇಲ್ಲ.

ನೋಡಲು ಮೂರೂ ಬೇರೆ ಬೇರೆ. ಆದರೆ ಮೂರರ ಹಿಂದಿರುವ ನಂಬಿಕೆ ಒಂದೇ: ರಿಪೇರಿಯಾದ ಹಲ್ಲಿನ ಬಲವೆಲ್ಲ ಅದಕ್ಕೆ ಹಾಕಿದ ವಸ್ತುವಿನಲ್ಲೇ ಇದೆ ಎನ್ನುವುದು. ಈ ನಂಬಿಕೆಯಿಂದ ಆಗುವ ನಷ್ಟ ಸಣ್ಣದಲ್ಲ. ಉಳಿಯಬಹುದಾಗಿದ್ದ ಹಲ್ಲು ಕೀಳಿಸಿಕೊಳ್ಳುವುದು, ತಂಟೆಯಿಲ್ಲದೆ ಕೂತಿದ್ದ ಫಿಲ್ಲಿಂಗ್ ಕೊರೆಸಿ ಹಾಕುವುದು, ದುಬಾರಿ ಕ್ಯಾಪ್ ಹಾಕಿಸಿ ಅದರ ಅಡಿಯ ಹಲ್ಲನ್ನು ಮರೆತುಬಿಡುವುದು, ಹೀಗೆ. ಒಮ್ಮೆ ಹೋದ ಶಾಶ್ವತ ಹಲ್ಲು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಈ ವಸ್ತುಗಳ ಬಲ ನಿಜಕ್ಕೂ ಎಷ್ಟು, ಅದನ್ನು ಹೇಗೆ ಅಳೆಯುತ್ತಾರೆ, ಯಾವ ಮಾತು ಎಷ್ಟು ನಿಜ ಎಂದು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ: ತುಂಬಿದ ವಸ್ತುವಿಗಿಂತ, ಅದರ ಸುತ್ತ ಉಳಿದಿರುವ ನಿಮ್ಮದೇ ಹಲ್ಲು ಎಷ್ಟಿದೆ ಎನ್ನುವುದು ಬಾಳಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ.

ಮೊದಲು, ನಿಮ್ಮ ಹಲ್ಲು ಎಷ್ಟು ಗಟ್ಟಿ?

ಹಲ್ಲಿನ ಹೊರಪದರ ಎನಾಮೆಲ್. ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ಭಾಗ ಇದು. ತೂಕದ ಲೆಕ್ಕದಲ್ಲಿ ಸುಮಾರು 96 ಪಾಲು ಖನಿಜ. ಅದರ ಒಳಗಿರುವ ಹಳದಿ ಛಾಯೆಯ ಪದರ ಡೆಂಟಿನ್. ಇದರಲ್ಲಿ ಖನಿಜ ಸುಮಾರು 70 ಪಾಲು ಮಾತ್ರ. ಉಳಿದದ್ದು ಕೊಲಾಜೆನ್ ಎಂಬ ಪ್ರೋಟೀನು ಮತ್ತು ನೀರು. ಎನಾಮೆಲ್ ಗಡುಸು, ಆದರೆ ಗಾಜಿನಂತೆ ಬಿರುಕು ಬಿಡಬಲ್ಲದು. ಡೆಂಟಿನ್ ಸ್ವಲ್ಪ ಬಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಎರಡೂ ಕೂಡುವ ಗಡಿಯಲ್ಲಿ ಮೇಲಿನಿಂದ ಬಂದ ಬಿರುಕುಗಳು ಹೆಚ್ಚಾಗಿ ನಿಂತುಬಿಡುತ್ತವೆ. ಹಾಗಾಗಿಯೇ ದಶಕಗಳ ಕಾಲ ಚಕ್ಕುಲಿ, ನಿಪ್ಪಟ್ಟು, ಕಡಲೆಕಾಯಿ ಅಗಿದರೂ ಒಳ್ಳೆಯ ಹಲ್ಲು ಸೀಳುವುದಿಲ್ಲ.

ಈಗ ಒಂದು ಅಳತೆ ತಿಳಿದುಕೊಳ್ಳೋಣ. ವಸ್ತುಗಳ ಬಲವನ್ನು ಮೆಗಾಪಾಸ್ಕಲ್‌ನಲ್ಲಿ ಹೇಳುತ್ತಾರೆ. 1 ಚದರ ಮಿಲಿಮೀಟರ್ ಜಾಗ, ಅಂದರೆ ಹೆಚ್ಚುಕಡಿಮೆ ಒಂದು ರಾಗಿಕಾಳಿನಷ್ಟು ಜಾಗದ ಮೇಲೆ ಸುಮಾರು 100 ಗ್ರಾಂ ತೂಕ ಕೂತರೆ ಅದು 1 ಮೆಗಾಪಾಸ್ಕಲ್ ಒತ್ತಡ. ಮನೆ ಕಟ್ಟಲು ಬಳಸುವ ಎಂ-20 ಕಾಂಕ್ರೀಟ್ 28 ದಿನ ಕ್ಯೂರಿಂಗ್ ಆದ ಮೇಲೆ ತಡೆಯಬೇಕಾದ ಒತ್ತಡ 20 ಮೆಗಾಪಾಸ್ಕಲ್. ಪ್ರಯೋಗಾಲಯದಲ್ಲಿ ಡೆಂಟಿನ್ ಸುಮಾರು 300, ಎನಾಮೆಲ್ ಸುಮಾರು 380 ಮೆಗಾಪಾಸ್ಕಲ್ ಒತ್ತಡ ತಡೆಯುತ್ತವೆ. ಹಲ್ಲಿಗೆ ಹಾಕುವುದನ್ನು ನಾವೆಲ್ಲ ‘ಸಿಮೆಂಟ್’ ಎಂದು ಕರೆದರೂ, ಮನೆಯ ಸಿಮೆಂಟ್ ಬಾಯಲ್ಲಿ ಒಂದು ದಿನವೂ ಬಾಳಲಾರದು.

ಇಷ್ಟು ಬಲ ಯಾಕೆ ಬೇಕು? ಆರೋಗ್ಯವಂತ ವಯಸ್ಕರು ಹಿಂದಿನ ದವಡೆ ಹಲ್ಲುಗಳಿಂದ ಪೂರ್ತಿ ಶಕ್ತಿ ಹಾಕಿ ಕಚ್ಚಿದರೆ 50ರಿಂದ 70 ಕೆಜಿ ಭಾರಕ್ಕೆ ಸಮನಾದ ಬಲ ಬೀಳಬಹುದು. ಅನ್ನ, ಮುದ್ದೆ, ಚಪಾತಿ ತಿನ್ನುವಾಗ ಇದರ ಒಂದು ಸಣ್ಣ ಪಾಲು ಸಾಕು. ತೊಂದರೆ ಆಗುವುದು ಅನ್ನದಲ್ಲಿ ಕಲ್ಲು ಸಿಕ್ಕಾಗ. 30 ಕೆಜಿ ಬಲ 1 ಚದರ ಮಿಲಿಮೀಟರ್ ಜಾಗದ ಮೇಲೆ ಬಿದ್ದರೆ ಅಲ್ಲಿನ ಒತ್ತಡ ಸುಮಾರು 300 ಮೆಗಾಪಾಸ್ಕಲ್ ಆಗಿಬಿಡುತ್ತದೆ.

ಗಟ್ಟಿ ಅಂದರೆ ಏನು? ಸೀಮೆಸುಣ್ಣದ ಪಾಠ

ಮಾತಿನಲ್ಲಿ ನಾವು ಎಲ್ಲಕ್ಕೂ ‘ಗಟ್ಟಿ’ ಎನ್ನುತ್ತೇವೆ. ಆದರೆ ಹಲ್ಲಿನ ವಸ್ತುಗಳನ್ನು ಪರೀಕ್ಷಿಸುವವರು ಐದು ಬೇರೆ ಬೇರೆ ಗುಣಗಳನ್ನು ನೋಡುತ್ತಾರೆ.

ಒಂದು ತುಂಡು ಸೀಮೆಸುಣ್ಣ ತೆಗೆದುಕೊಳ್ಳಿ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ಒತ್ತಿ. ಮುರಿಯುವುದಿಲ್ಲ. ಈಗ ಎರಡು ತುದಿ ಹಿಡಿದು ಬಾಗಿಸಿ. ಪಟ್ಟನೆ ಮುರಿಯುತ್ತದೆ. ಒತ್ತಡ ತಡೆಯುವ ಬಲ ಬೇರೆ, ಬಾಗು ತಡೆಯುವ ಬಲ ಬೇರೆ. ಬಾಯಲ್ಲಿ ಎರಡೂ ಬೇಕು, ಏಕೆಂದರೆ ಅಗಿಯುವಾಗ ಫಿಲ್ಲಿಂಗ್ ಒಂದು ಕಡೆ ಒತ್ತಿಸಿಕೊಂಡರೆ ಇನ್ನೊಂದು ಕಡೆ ಬಾಗುತ್ತದೆ.

ಮೂರನೆಯದು ಗೀರು ಬೀಳದ ಗುಣ. ಗಾಜಿನ ಬಳೆಗೆ ಗೀರು ಬೀಳುವುದು ಕಷ್ಟ, ಆದರೆ ಕೈಜಾರಿದರೆ ಚೂರು. ಚಿನ್ನದ ಬಳೆಗೆ ಬೇಗ ಗೀರು ಬೀಳುತ್ತದೆ, ಕೆಳಗೆ ಬಿದ್ದರೆ ಸೊಟ್ಟಗಾದೀತು, ಚೂರಾಗುವುದಿಲ್ಲ. ಹೀಗೆ ಬಿರುಕು ಹಬ್ಬದಂತೆ ತಡೆಯುವ ತಾಳಿಕೆಯೂ ಒಂದು ಪ್ರತ್ಯೇಕ ಗುಣ.

ಐದನೆಯದು ಆಯಾಸ. ಕಬ್ಬಿಣದ ತಂತಿ ಒಂದು ಸಲ ಬಾಗಿಸಿದರೆ ಮುರಿಯುವುದಿಲ್ಲ, ಅತ್ತಿತ್ತ ಹತ್ತಾರು ಸಲ ಬಾಗಿಸಿದರೆ ಮುರಿಯುತ್ತದೆ. ಫಿಲ್ಲಿಂಗ್‌ಗಳ ಪಾಡೂ ಅದೇ. ಒಂದೇ ಒಂದು ದೊಡ್ಡ ಕಚ್ಚಿಗಿಂತ ವರ್ಷಗಟ್ಟಲೆ ಬೀಳುವ ಸಣ್ಣ ಸಣ್ಣ ಪೆಟ್ಟು ಹೆಚ್ಚು ಸವೆಸುತ್ತದೆ. ಬಿಸಿ ಕಾಫಿ, ಹಿಂದೆಯೇ ತಣ್ಣೀರು ಕುಡಿದರೆ ಹಲ್ಲು ಒಂದು ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ, ಅದರೊಳಗಿನ ಫಿಲ್ಲಿಂಗ್ ಇನ್ನೊಂದು ಲೆಕ್ಕದಲ್ಲಿ. ಈ ಎಳೆದಾಟ ದಿನವೂ ನಡೆಯುತ್ತಲೇ ಇರುತ್ತದೆ.

ಹಾಗಾಗಿ “ಯಾವುದು ಅತಿ ಗಟ್ಟಿ?” ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಹಲ್ಲಿಗೆ, ಯಾವ ಜಾಗಕ್ಕೆ, ಎಷ್ಟು ದೊಡ್ಡ ಕುಳಿಗೆ ಎಂದು ಕೇಳಬೇಕು.

ಡಾಕ್ಟರ ಬಳಿ ಇರುವ ವಸ್ತುಗಳು ಯಾವುವು?

ಬೆಳ್ಳಿ ಫಿಲ್ಲಿಂಗ್: ಇದರ ಹೆಸರು ಅಮಾಲ್ಗಂ. ಹತ್ತಿರ ಹತ್ತಿರ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. ಒಂದು ದಿನ ಕಳೆದು ಪೂರ್ತಿ ಗಟ್ಟಿಯಾದ ಮೇಲೆ 400 ಮೆಗಾಪಾಸ್ಕಲ್‌ನಷ್ಟು ಒತ್ತಡ ತಡೆಯಬಲ್ಲದು, ಅಂದರೆ ಎನಾಮೆಲ್‌ಗೆ ಸಮ. ಆದರೆ ಎಳೆತದ ಬಲ ಅದರ ಎಂಟರಲ್ಲೊಂದು ಪಾಲಿನಷ್ಟು. ಥೇಟ್ ಸೀಮೆಸುಣ್ಣದ ಕಥೆ. ಹಾಗಾಗಿ ತೆಳ್ಳಗೆ ಹಾಕುವಂತಿಲ್ಲ. ಇನ್ನೊಂದು ಕೊರತೆ, ಇದು ಹಲ್ಲಿಗೆ ಅಂಟುವುದಿಲ್ಲ. ಒಳಗೆ ಅಗಲ, ಬಾಯಿ ಕಿರಿದು ಇರುವಂತೆ ಕುಳಿ ಕೊರೆದು ಅದರಲ್ಲಿ ಕಚ್ಚಿ ಕೂರುವಂತೆ ತುಂಬಬೇಕು. ಅದಕ್ಕಾಗಿ ಒಂದಿಷ್ಟು ಒಳ್ಳೆಯ ಹಲ್ಲನ್ನೂ ಕೊರೆಯಬೇಕಾಗುತ್ತದೆ.

ಬಿಳಿ ಫಿಲ್ಲಿಂಗ್: ಇದು ಕಾಂಪೋಸಿಟ್. ಪ್ಲಾಸ್ಟಿಕ್ ಜಾತಿಯ ರಾಳದಲ್ಲಿ ಅತಿ ಸಣ್ಣ ಗಾಜಿನ ಕಣಗಳನ್ನು ಬೆರೆಸಿರುತ್ತಾರೆ. ಈಗಲೂ ಹೆಚ್ಚಾಗಿ ಬಳಸುವ ರಾಳಕ್ಕೆ ಅಮೆರಿಕದ ರಫೇಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎನಾಮೆಲ್ ಮೇಲೆ ಫಾಸ್ಫಾರಿಕ್ ಆಮ್ಲ ಸವರಿ ಅದನ್ನು ತರಿತರಿ ಮಾಡಿದರೆ ರಾಳ ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟಿದ್ದರು. ಗೋಡೆಗೆ ಗಾರೆ ಹಿಡಿಯಲಿ ಎಂದು ಮೇಸ್ತ್ರಿ ಕಚ್ಚು ಹಾಕುತ್ತಾನಲ್ಲ, ಅದೇ ಉಪಾಯ. ಅಂಟುವ ವಸ್ತು ಆದ್ದರಿಂದ ಹುಳುಕು ಇರುವಷ್ಟನ್ನೇ ತೆಗೆದರೆ ಸಾಕು. ಹಿಂದಿನ ಹಲ್ಲಿನ ಅಗಿಯುವ ಭಾಗಕ್ಕೆ ಹಾಕುವ ಕಾಂಪೋಸಿಟ್ ಕನಿಷ್ಠ 80 ಮೆಗಾಪಾಸ್ಕಲ್ ಬಾಗುಬಲ ತೋರಿಸಬೇಕು ಎಂಬುದು ಅಂತಾರಾಷ್ಟ್ರೀಯ ಮಾನದಂಡ. ಈಗಿನ ಒಳ್ಳೆಯ ಕಾಂಪೋಸಿಟ್‌ಗಳು 100 ದಾಟುತ್ತವೆ.

ಇದರ ದೌರ್ಬಲ್ಯ ಎರಡು. ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವಾಗ ಇದು ಶೇ. 2-3ರಷ್ಟು ಕುಗ್ಗುತ್ತದೆ, ಅಂಚಿನಲ್ಲಿ ಬಿರುಕು ಬಿಡುವ ಸಾಧ್ಯತೆ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ ಪದರ ಪದರವಾಗಿ ಹಾಕುತ್ತಾರೆ. ಜೊತೆಗೆ, ಅಂಟಿಸುವ ಹೊತ್ತಿಗೆ ಎಂಜಲು ತಗುಲಿದರೆ ಹಿಡಿತ ಕೆಡುತ್ತದೆ.

ಗ್ಲಾಸ್ ಅಯೊನೊಮರ್: ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ 1970ರ ದಶಕದ ಆರಂಭದಲ್ಲಿ ಜಗತ್ತಿನ ಮುಂದಿಟ್ಟ ವಸ್ತು. ಬಾಗುಬಲದಲ್ಲಿ ಕಾಂಪೋಸಿಟ್‌ಗಿಂತ ತುಂಬ ಹಿಂದೆ. ಆದರೆ ಒದ್ದೆಯ ಹಲ್ಲಿಗೂ ತಾನಾಗಿ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಬಿಸಿ ತಂಪಿಗೆ ಹಲ್ಲಿನ ಹಾಗೆಯೇ ಹಿಗ್ಗಿ ಕುಗ್ಗುತ್ತದೆ. ಮಕ್ಕಳ ಹಾಲುಹಲ್ಲಿಗೆ, ವಸಡಿನ ಬಳಿಯ ಕುಳಿಗೆ ಇದು ಅನುಕೂಲ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಕರೆಂಟು, ಡ್ರಿಲ್ ಇಲ್ಲದ ಕಡೆಯೂ ಕೈ ಉಪಕರಣದಿಂದಲೇ ಹುಳುಕು ಕೆರೆದು ಕುಳಿ ತುಂಬುವ ವಿಧಾನ ಶುರುವಾಯಿತು. ಅದಕ್ಕೆ ಮುಂದೆ ಆಸರೆಯಾದದ್ದು ಈ ‘ದುರ್ಬಲ’ ವಸ್ತುವೇ.

ಕ್ಯಾಪ್: ಹಲ್ಲಿನ ಮೇಲ್ಭಾಗವನ್ನೇ ಮುಚ್ಚುವ ಟೋಪಿ. ಲೋಹ, ಲೋಹದ ಮೇಲೆ ಪಿಂಗಾಣಿ, ಪೂರ್ತಿ ಪಿಂಗಾಣಿ, ಜಿರ್ಕೋನಿಯಾ ಎಂದು ಹಲವು ಬಗೆ. ಹಳೆಯ ಮಾದರಿಯ ಪಿಂಗಾಣಿಯ ಬಾಗುಬಲ 100 ಮೆಗಾಪಾಸ್ಕಲ್ ಒಳಗೆ. ಲಿಥಿಯಂ ಡೈಸಿಲಿಕೇಟ್ ಎಂಬ ಗಾಜು-ಪಿಂಗಾಣಿಯದ್ದು 350-400. ಗಟ್ಟಿ ಜಾತಿಯ ಜಿರ್ಕೋನಿಯಾದ್ದು 900ರಿಂದ 1200.

ಸಂಖ್ಯೆ ನೋಡಿದರೆ ಜಿರ್ಕೋನಿಯಾ ಗೆದ್ದಂತೆ ಅನ್ನಿಸುತ್ತದೆ. ಹಾಗಾದರೆ ಕಥೆ ಮುಗಿಯಿತೇ? ಈಗ ಮೂರು ಮಾತುಗಳಿಗೆ ಬರೋಣ.

ಮಾತು 1: ರೂಟ್ ಕೆನಾಲ್ ಆದ ಹಲ್ಲು ಒಣಗಿ ಮುರಿಯುತ್ತದೆಯೇ?

ಮುರಿಯುವ ಅಪಾಯ ಹೆಚ್ಚು ಎನ್ನುವುದು ನಿಜ. ಒಣಗುವುದರಿಂದ ಎನ್ನುವುದು ತಪ್ಪು.

ರೂಟ್ ಕೆನಾಲ್ ಆದ ಹಲ್ಲಿನ ಡೆಂಟಿನ್ ನಿಜಕ್ಕೂ ಪೆಡಸಾಗುತ್ತದೆಯೇ ಎಂದು ಸೆಡ್‌ಗ್ಲಿ ಮತ್ತು ಮೆಸ್ಸರ್ ಎಂಬ ಸಂಶೋಧಕರು 1992ರಲ್ಲಿ ಪರೀಕ್ಷಿಸಿದರು. ಚಿಕಿತ್ಸೆ ಆದ ಹಲ್ಲು, ಅದೇ ವ್ಯಕ್ತಿಯ ಬಾಯಿಯ ಇನ್ನೊಂದು ಬದಿಯ ಜೀವಂತ ಹಲ್ಲು, ಎರಡನ್ನೂ ಹೋಲಿಸಿದರು. ಪೆಡಸಾಗಿದೆ ಎನ್ನುವಂಥ ವ್ಯತ್ಯಾಸ ಸಿಗಲಿಲ್ಲ.

ಹಾಗಾದರೆ ಮುರಿಯುವುದು ಯಾಕೆ? ಇದಕ್ಕೆ 1989ರ ಇನ್ನೊಂದು ಪ್ರಯೋಗ ಚೆನ್ನಾಗಿ ಉತ್ತರ ಕೊಡುತ್ತದೆ. ರೀ, ಮೆಸ್ಸರ್ ಮತ್ತು ಡಗ್ಲಸ್ ಎಂಬವರು ಕಿತ್ತ ಹಲ್ಲುಗಳನ್ನು ಹಂತಹಂತವಾಗಿ ಕೊರೆಯುತ್ತಾ, ಪ್ರತಿ ಹಂತದಲ್ಲೂ ಹಲ್ಲಿನ ಬಿಗುವು ಎಷ್ಟು ಕಡಿಮೆಯಾಯಿತು ಎಂದು ಅಳೆದರು. ರೂಟ್ ಕೆನಾಲ್‌ಗಾಗಿ ಮಾಡಿದ ಕೆಲಸದಿಂದ ಕಡಿಮೆಯಾದದ್ದು ಶೇ. 5 ಮಾತ್ರ. ಅಗಿಯುವ ಮೇಲ್ಮೈಯಲ್ಲಿ ಕುಳಿ ಕೊರೆದಾಗ ಶೇ. 20. ಆ ಕುಳಿಯನ್ನು ಹಲ್ಲಿನ ಹಿಂದುಮುಂದಿನ ಎರಡೂ ಪಕ್ಕದ ಅಂಚುಗಳಿಗೆ ವಿಸ್ತರಿಸಿದಾಗ ಶೇ. 63.

ಬಿದಿರಿನ ಬುಟ್ಟಿಯ ಬಾಯಿಗೆ ಸುತ್ತಲೂ ಒಂದು ಕಟ್ಟು ಇರುತ್ತದೆ. ಬುಟ್ಟಿಯ ತಳದಲ್ಲಿ ಸಣ್ಣ ತೂತು ಬಿದ್ದರೆ ಆಕಾರ ಕೆಡುವುದಿಲ್ಲ. ಬಾಯಿಯ ಕಟ್ಟು ಎರಡು ಕಡೆ ಕತ್ತರಿಸಿದರೆ ಇಡೀ ಬುಟ್ಟಿ ಸಡಿಲವಾಗುತ್ತದೆ. ಹಲ್ಲಿನ ಪಕ್ಕದ ಅಂಚುಗಳು ಆ ಕಟ್ಟಿನಂತೆ. ರೂಟ್ ಕೆನಾಲ್ ಮಾಡಿಸುವ ಹೊತ್ತಿಗೆ ಹೆಚ್ಚಿನವರ ಹಲ್ಲಿನಲ್ಲಿ ಹುಳುಕು ಆ ಅಂಚನ್ನು ಆಗಲೇ ತಿಂದು ಹಾಕಿರುತ್ತದೆ. ಬಲ ಹೋದದ್ದು ಅಲ್ಲಿ, ನರ ತೆಗೆದದ್ದರಿಂದಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಮೊದಲನೆಯದು, ಸಣ್ಣ ಕುಳಿ ಇರುವಾಗಲೇ ಹೋದರೆ ಅಂಚು ಉಳಿಯುತ್ತದೆ. ನೋವು ಬರಲಿ ಎಂದು ಕಾಯುವಷ್ಟರಲ್ಲಿ ಅದು ಹೋಗಿರುತ್ತದೆ. ಎರಡನೆಯದು, ರೂಟ್ ಕೆನಾಲ್ ಆದ ಹಿಂದಿನ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ನಂತರ ಕ್ಯಾಪ್ ಹಾಕದ ಹಲ್ಲುಗಳು ಕ್ಯಾಪ್ ಹಾಕಿದವಕ್ಕಿಂತ 6 ಪಟ್ಟು ವೇಗದಲ್ಲಿ ಕಳೆದುಹೋಗಿದ್ದವು. ನೋವು ಹೋಯಿತಲ್ಲ ಎಂದು ರೂಟ್ ಕೆನಾಲ್‌ಗೇ ನಿಲ್ಲಿಸಿ, ಕ್ಯಾಪ್ ಆಮೇಲೆ ನೋಡೋಣ ಎಂದು ಮುಂದೂಡುವುದೇ ನಮ್ಮಲ್ಲಿ ಹಲವರು ಮಾಡುವ ಕೆಲಸ. ಆಮೇಲೆ ಹಲ್ಲು ಸೀಳಿದಾಗ “ನೋಡಿ, ಸತ್ತ ಹಲ್ಲು ಮುರಿಯಿತು” ಎಂಬ ಸಂದೇಶಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಕೀಳಿಸುವುದೇ ಅಗ್ಗ ಎಂಬ ಲೆಕ್ಕವೂ ಅರ್ಧ ಮಾತ್ರ. ಕಿತ್ತ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲಬಹುದು, ಎದುರಿನ ಹಲ್ಲು ಉದ್ದಕ್ಕೆ ಇಳಿಯಬಹುದು. ಆ ಜಾಗಕ್ಕೆ ಬ್ರಿಡ್ಜ್ ಹಾಕಬೇಕಾದರೆ ಪಕ್ಕದ ಎರಡು ಹಲ್ಲುಗಳನ್ನು ಅರೆಯಬೇಕು. ಹೌದು, ಬೇರಿನ ತನಕ ಸೀಳಿದ ಹಲ್ಲು, ಕಟ್ಟಲು ಏನೂ ಉಳಿಯದ ಹಲ್ಲು ಕೀಳಲೇಬೇಕಾಗುತ್ತದೆ. ಆದರೆ ಅದನ್ನು ಎಕ್ಸ್‌ರೇ ಮತ್ತು ಪರೀಕ್ಷೆ ನೋಡಿ ತೀರ್ಮಾನಿಸಬೇಕು.

ನಮ್ಮ ತೀರ್ಪು: ತಪ್ಪು ದಾರಿಗೆಳೆಯುವ ಮಾತು.

ಮಾತು 2: ಬೆಳ್ಳಿ ಫಿಲ್ಲಿಂಗ್ ಇವತ್ತೇ ತೆಗೆಸಬೇಕೇ?

ಪಾದರಸ ಇರುವುದು ನಿಜ. ಅಗಿಯುವಾಗ ಅತಿ ಸ್ವಲ್ಪ ಪ್ರಮಾಣದ ಆವಿ ಹೊರಬರುವುದೂ ನಿಜ. ಈ ಜಗಳ ಹೊಸದೂ ಅಲ್ಲ. 1840ರ ದಶಕದಲ್ಲೇ ಅಮೆರಿಕದ ದಂತವೈದ್ಯರ ಸಂಘವೊಂದು ತನ್ನ ಸದಸ್ಯರು ಅಮಾಲ್ಗಂ ಬಳಸುವುದಿಲ್ಲ ಎಂದು ಬರೆದುಕೊಡಬೇಕು ಎಂದು ಪಟ್ಟು ಹಿಡಿದಿತ್ತು. ಆ ಜಗಳದಲ್ಲಿ ಸಂಘವೇ 1856ರಲ್ಲಿ ಮುಚ್ಚಿಹೋಯಿತು.

ಈಗಿನ ಸ್ಥಿತಿ ಹೀಗಿದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಮಿನಮಾಟಾ ಒಪ್ಪಂದ ಆಯಿತು. ಭಾರತ 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. 2025ರ ಜನವರಿ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ ವೈದ್ಯಕೀಯವಾಗಿ ಅನಿವಾರ್ಯ ಎನಿಸಿದ ಸಂದರ್ಭ ಬಿಟ್ಟು ಅಮಾಲ್ಗಂ ಬಳಸುವಂತಿಲ್ಲ. ಇದನ್ನೇ ಹಿಡಿದು “ಯುರೋಪಿನಲ್ಲಿ ವಿಷ ಎಂದು ನಿಷೇಧ” ಎಂಬ ಸಂದೇಶಗಳು ಹುಟ್ಟುತ್ತವೆ. ಈ ನಿರ್ಧಾರಗಳ ಹಿಂದಿನ ಒಂದು ದೊಡ್ಡ ಕಾರಣ ಪರಿಸರ. ಕ್ಲಿನಿಕ್‌ಗಳ ಕೊಳಚೆ ನೀರು, ಶವದಹನದ ಹೊಗೆ, ಇವುಗಳಿಂದ ಪಾದರಸ ಮಣ್ಣಿಗೆ, ನೀರಿಗೆ, ಗಾಳಿಗೆ ಸೇರುತ್ತದೆ.

ನಿಮ್ಮ ಬಾಯಲ್ಲಿ ಆಗಲೇ ಇರುವ ಫಿಲ್ಲಿಂಗ್‌ನ ಪ್ರಶ್ನೆ ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಸೆಪ್ಟೆಂಬರ್‌ನಲ್ಲಿ ಎರಡು ಮಾತು ಹೇಳಿತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ನರರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಪಾದರಸದ ಅಲರ್ಜಿ ಇರುವವರು, ಇಂಥವರಿಗೆ ಹೊಸದಾಗಿ ಅಮಾಲ್ಗಂ ಹಾಕುವುದನ್ನು ಆದಷ್ಟು ತಪ್ಪಿಸಬೇಕು. ಜೊತೆಗೆ, ಚೆನ್ನಾಗಿರುವ ಹಳೆಯ ಅಮಾಲ್ಗಂ ಅನ್ನು ವೈದ್ಯಕೀಯ ಕಾರಣ ಇಲ್ಲದೆ ತೆಗೆಸಬಾರದು. ತೆಗೆಯಲು ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಹೊರಬರುತ್ತದೆ, ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಫಾರ್ವರ್ಡ್‌ನಲ್ಲಿ ಬರುವುದು ಮೊದಲ ಮಾತು, ಬಿಟ್ಟುಹೋಗುವುದು ಎರಡನೆಯದು.

ಬಲದ ಲೆಕ್ಕಕ್ಕೆ ಮತ್ತೆ ಬಂದರೆ, ಪ್ರತಿ ಸಲ ಫಿಲ್ಲಿಂಗ್ ಬದಲಿಸಿದಾಗಲೂ ಕುಳಿ ಸ್ವಲ್ಪ ದೊಡ್ಡದಾಗುತ್ತದೆ. ಸಣ್ಣ ಫಿಲ್ಲಿಂಗ್ ದೊಡ್ಡದಾಗಿ, ದೊಡ್ಡದು ಕ್ಯಾಪ್ ಆಗಿ, ಕ್ಯಾಪ್ ಕೊನೆಗೆ ಕಿತ್ತ ಹಲ್ಲಾಗುವ ಮೆಟ್ಟಿಲು ಇದು. ಕಾರಣವಿಲ್ಲದೆ ಒಂದು ಮೆಟ್ಟಿಲು ಇಳಿಯುವುದು ಯಾಕೆ?

ನಮ್ಮ ತೀರ್ಪು: ಅರ್ಧ ನಿಜ. ಅಂಚು ಒಡೆದಿದ್ದರೆ, ಅಡಿಯಲ್ಲಿ ಹುಳುಕಿದ್ದರೆ ಬದಲಿಸಿ. ಸುಮ್ಮನೆ ಭಯಕ್ಕೆ ಬೇಡ.

ಮಾತು 3: ಜಿರ್ಕೋನಿಯಾ ವಜ್ರದಷ್ಟು ಗಟ್ಟಿಯೇ? ಜೀವನಪೂರ್ತಿ ಬರುತ್ತದೆಯೇ?

ವಜ್ರದ ಹೋಲಿಕೆ ಎಲ್ಲಿಂದ ಬಂದಿರಬಹುದು ಎಂಬುದಕ್ಕೆ ಒಂದು ಸುಳಿವಿದೆ. ಒಡವೆ ಅಂಗಡಿಯಲ್ಲಿ ಸಿಗುವ ‘ಅಮೆರಿಕನ್ ಡೈಮಂಡ್’ ಹರಳೂ ಜಿರ್ಕೋನಿಯಾವೇ. ಆದರೆ ಅದು ವಜ್ರವಲ್ಲ. ಹಲ್ಲಿನ ಜಿರ್ಕೋನಿಯಾವೂ ವಜ್ರದ ಹತ್ತಿರ ಬರುವುದಿಲ್ಲ. ಕೂತ ಜಿರ್ಕೋನಿಯಾ ಕ್ಯಾಪ್ ತೆಗೆಯಬೇಕಾದಾಗ ಡಾಕ್ಟರು ಅದನ್ನು ಕತ್ತರಿಸುವುದೇ ವಜ್ರದ ಪುಡಿ ಮೆತ್ತಿದ ಬರ್‌ನಿಂದ.

ಅದರ ನಿಜವಾದ ಹೆಚ್ಚುಗಾರಿಕೆ ಬೇರೆ. ಸಾಮಾನ್ಯ ಪಿಂಗಾಣಿಯಲ್ಲಿ ಒಂದು ಬಿರುಕು ಹುಟ್ಟಿದರೆ ತಟ್ಟೆ ಸೀಳಿದಂತೆ ಓಡುತ್ತದೆ. ಗಟ್ಟಿ ಜಾತಿಯ ಜಿರ್ಕೋನಿಯಾದಲ್ಲಿ ಬಿರುಕಿನ ತುದಿ ಬಂದು ತಾಕಿದಾಗ ಅಲ್ಲಿನ ಹರಳುಗಳು ರೂಪ ಬದಲಿಸಿ ಸುಮಾರು ಶೇ. 4ರಷ್ಟು ಉಬ್ಬುತ್ತವೆ. ಉಬ್ಬಿದ ಹರಳುಗಳು ಬಿರುಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೋ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಗುಣದ ಬಗ್ಗೆ ಬರೆದಾಗ, ಇದು ಪಿಂಗಾಣಿಯ ಉಕ್ಕೇ ಎಂಬರ್ಥದ ಶೀರ್ಷಿಕೆ ಕೊಟ್ಟಿದ್ದರು.

ಆದರೆ ಜಿರ್ಕೋನಿಯಾ ಎಂದರೆ ಒಂದೇ ಜಾತಿಯಲ್ಲ. ಗಟ್ಟಿ ಜಾತಿ ನೋಡಲು ಸುಣ್ಣ ಬಳಿದಂತೆ ಬೆಳ್ಳಗೆ, ಮಬ್ಬು. ಮುಂದಿನ ಹಲ್ಲಿಗೆ ಚೆಂದ ಕಾಣಲಿ ಎಂದು ಬೆಳಕು ಹಾಯುವ ಜಾತಿಯನ್ನು ಮಾಡಿದರು. ಅದರಲ್ಲಿ ‘ಅಮೆರಿಕನ್ ಡೈಮಂಡ್’ನಲ್ಲಿರುವ ಬಗೆಯ ಹರಳುಗಳು ಹೆಚ್ಚು. ಅವು ಬಿರುಕು ಬಂದಾಗ ಉಬ್ಬುವುದಿಲ್ಲ. ಹಾಗಾಗಿ ಅಂದ ಹೆಚ್ಚಿದಂತೆ ಬಲ ಇಳಿಯುತ್ತದೆ. ಕೆಲವು ಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ. ಬಿಲ್‌ನಲ್ಲಿ ಎರಡಕ್ಕೂ ‘ಜಿರ್ಕೋನಿಯಾ’ ಎಂದೇ ಬರೆದಿರಬಹುದು.

ಇನ್ನು ಜೀವನಪೂರ್ತಿ ಎಂಬ ಭರವಸೆ. ಕ್ಯಾಪ್ ಒಡೆಯದೇ ಇರಬಹುದು. ಆದರೆ ಅದರ ಅಂಚಿನಲ್ಲಿ, ವಸಡಿನ ಬಳಿ, ನಿಮ್ಮದೇ ಹಲ್ಲು ಇದೆ. ಅಲ್ಲಿ ಹುಳುಕು ಹತ್ತಿದರೆ 1000 ಮೆಗಾಪಾಸ್ಕಲ್‌ನ ಟೋಪಿ ಇದ್ದೂ ಪ್ರಯೋಜನವಿಲ್ಲ. ಟೋಪಿಯ ಸಮೇತ ಒಳಗಿನ ಹಲ್ಲೇ ಮುರಿದು ಕೈಗೆ ಬರುತ್ತದೆ.

ಭತ್ತ ಕುಟ್ಟುವ ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕಿರುತ್ತಾರೆ, ಮರ ಸೀಳದಿರಲಿ ಎಂದು. ಬಳೆ ಹಿಡಿಯಬೇಕಾದರೆ ಒಳಗೆ ಗಟ್ಟಿ ಮರ ಬೇಕು. ಕ್ಯಾಪ್ ಕೂಡ ಹಾಗೆಯೇ. ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿಲಿಮೀಟರ್ ಎತ್ತರದಷ್ಟಾದರೂ ಒಳ್ಳೆಯ ಹಲ್ಲು ಉಳಿದಿದ್ದರೆ ಕ್ಯಾಪ್ ಅದನ್ನು ಬಳೆಯಂತೆ ಬಿಗಿಹಿಡಿಯುತ್ತದೆ. ಅಷ್ಟು ಇಲ್ಲದಿದ್ದರೆ ಯಾವ ದುಬಾರಿ ವಸ್ತುವೂ ಆ ಕೊರತೆ ತುಂಬಲಾರದು.

ಇನ್ನೊಂದು ವಿಷಯ ಜಾಹೀರಾತುಗಳಲ್ಲಿ ಬರುವುದಿಲ್ಲ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಅರೆಯಬೇಕು. ಎಡೆಲ್‌ಹಾಫ್ ಮತ್ತು ಸೊರೆನ್‌ಸೆನ್ 2002ರಲ್ಲಿ ತೂಕ ಮಾಡಿ ನೋಡಿದಾಗ, ಪಿಂಗಾಣಿ ಅಥವಾ ಲೋಹ-ಪಿಂಗಾಣಿಯ ಪೂರ್ತಿ ಕ್ಯಾಪ್‌ಗಾಗಿ ವಸಡಿನ ಮೇಲಿನ ಹಲ್ಲಿನ ಶೇ. 63ರಿಂದ 72ರಷ್ಟು ಭಾಗ ಹೋಗುತ್ತಿತ್ತು. ಜಿರ್ಕೋನಿಯಾ ತೆಳ್ಳಗಿದ್ದರೂ ತಡೆಯುವುದರಿಂದ ಕೊಂಚ ಕಡಿಮೆ ಅರೆದರೆ ಸಾಕಾಗಬಹುದು. ಆದರೂ, ಫಿಲ್ಲಿಂಗ್‌ನಲ್ಲಿ ಸರಿಹೋಗುವ ಹಲ್ಲಿಗೆ ‘ಇನ್ನೂ ಗಟ್ಟಿಯಾಗಲಿ’ ಎಂದು ಕ್ಯಾಪ್ ಹಾಕಿಸಿಕೊಳ್ಳುವುದು ಲಾಭದ ಬಾಬತ್ತಲ್ಲ.

ನಮ್ಮ ತೀರ್ಪು: ವಜ್ರದ ಮಾತು ಸುಳ್ಳು. ಒಳ್ಳೆಯ ವಸ್ತು ಎನ್ನುವುದು ನಿಜ. ಜೀವನಪೂರ್ತಿ ಎಂದು ಯಾರೂ ಹೇಳಲಾರರು.

ಹಾಗಾದರೆ ರಿಪೇರಿಯಾದ ಹಲ್ಲು ಸೋಲುವುದು ಎಲ್ಲಿ?

ಹಿಂದಿನ ಹಲ್ಲಿನ ಬಿಳಿ ಫಿಲ್ಲಿಂಗ್‌ಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಆಪ್‌ಡಮ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿದರು. 10 ವರ್ಷದ ಲೆಕ್ಕದಲ್ಲಿ ಪ್ರತಿ ವರ್ಷ ಸರಾಸರಿ ಶೇ. 2.4ರಷ್ಟು ಫಿಲ್ಲಿಂಗ್‌ಗಳು ಕೆಡುತ್ತಿದ್ದವು. ಬೇರೆ ಮಾತಲ್ಲಿ, ಹೆಚ್ಚಿನವು 10 ವರ್ಷ ದಾಟಿದ್ದವು. ಬೇಗ ಹುಳುಕಾಗುವ ಬಾಯಿ ಇರುವವರಲ್ಲಿ ಇದು ಶೇ. 4.6ಕ್ಕೆ ಏರಿತು. ಫಿಲ್ಲಿಂಗ್ ಹಲ್ಲಿನ ಒಂದೊಂದು ಹೆಚ್ಚುವರಿ ಬದಿಗೆ ಹಬ್ಬಿದಂತೆ ಕೆಡುವ ಅಪಾಯ ಶೇ. 30-40ರಷ್ಟು ಹೆಚ್ಚಿತು. ಕೆಡಲು ಮುಖ್ಯ ಕಾರಣ ಎರಡು: ಅಂಚಿನಲ್ಲಿ ಮತ್ತೆ ಹುಳುಕು, ಮತ್ತು ಮುರಿತ.

ಅಂದರೆ ಒಂದೇ ಡಬ್ಬಿಯ ಒಂದೇ ಕಾಂಪೋಸಿಟ್ ಒಬ್ಬರ ಬಾಯಲ್ಲಿ ಇನ್ನೊಬ್ಬರಿಗಿಂತ ಎರಡು ಪಟ್ಟು ಬೇಗ ಕೆಡಬಹುದು. ಬದಲಾದದ್ದು ವಸ್ತುವಲ್ಲ. ಕುಳಿಯ ಗಾತ್ರ, ಸಕ್ಕರೆಯ ಅಭ್ಯಾಸ, ಬ್ರಷ್ ಮಾಡುವ ಕ್ರಮ.

ನಮ್ಮ ಕಡೆಯ ಅಭ್ಯಾಸಗಳನ್ನೂ ಇದಕ್ಕೆ ಸೇರಿಸಿಕೊಳ್ಳಿ. ಗೋಟಡಿಕೆ ಕಡಿಯುವುದು, ಕಲ್ಲುಸಕ್ಕರೆ ಜಗಿಯುವುದು, ಮೂಳೆ ಒಡೆಯುವುದು, ಸೋಡಾ ಬಾಟಲಿಯ ಮುಚ್ಚಳ ಹಲ್ಲಿನಲ್ಲಿ ತೆಗೆಯುವುದು, ಇವೆಲ್ಲ ಸಣ್ಣ ಜಾಗಕ್ಕೆ ದೊಡ್ಡ ಬಲ ಹಾಕುವ ಕೆಲಸ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದ್ದರೆ ಫಿಲ್ಲಿಂಗ್ ಹಾಕಿಸುವ ಮೊದಲೇ ಡಾಕ್ಟರಿಗೆ ತಿಳಿಸಿ.

ಡಾಕ್ಟರನ್ನು ಏನು ಕೇಳಬೇಕು?

“ಯಾವುದು ಬೆಸ್ಟ್ ಮೆಟೀರಿಯಲ್?” ಎಂದು ಕೇಳುವುದಕ್ಕಿಂತ ಈ ಪ್ರಶ್ನೆಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

1. ನನ್ನ ಹಲ್ಲು ಎಷ್ಟು ಉಳಿದಿದೆ? ಪಕ್ಕದ ಅಂಚುಗಳು ಗಟ್ಟಿ ಇವೆಯೇ?

2. ಫಿಲ್ಲಿಂಗ್ ಸಾಕೇ, ಕ್ಯಾಪ್ ಬೇಕೇ? ಕ್ಯಾಪ್ ಆದರೆ ಎಷ್ಟು ಅರೆಯಬೇಕು?

3. ಕ್ಯಾಪ್ ಹಿಡಿಯಲು ವಸಡಿನ ಮೇಲೆ ಸುತ್ತಲೂ ಸಾಕಷ್ಟು ಹಲ್ಲು ಇದೆಯೇ?

4. ಜಿರ್ಕೋನಿಯಾ ಆದರೆ ಯಾವ ಜಾತಿ? ಈ ಹಲ್ಲಿನ ಜಾಗಕ್ಕೆ ಅದು ಸರಿಯೇ?

5. ಕ್ಯಾಪ್ ಕೂರಿಸಿ ಎತ್ತರ ಸರಿಮಾಡಲು ಅರೆದ ಮೇಲೆ ಮತ್ತೆ ಪಾಲಿಶ್ ಮಾಡುತ್ತೀರಾ? (ತರಿತರಿಯಾಗಿ ಉಳಿದ ಪಿಂಗಾಣಿ ಎದುರಿನ ಹಲ್ಲನ್ನು ಸವೆಸುತ್ತದೆ. ನುಣುಪಾಗಿ ಪಾಲಿಶ್ ಆದ ಜಿರ್ಕೋನಿಯಾ ಅಷ್ಟು ಸವೆಸುವುದಿಲ್ಲ.)

ಬಿಳಿ ಫಿಲ್ಲಿಂಗ್ ಹಾಕುವಾಗ ಡಾಕ್ಟರು ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ, ಹತ್ತಿ ಇಟ್ಟು ಮತ್ತೆ ಮತ್ತೆ ಒಣಗಿಸಿದರೆ, ಪದರ ಪದರವಾಗಿ ನೀಲಿ ಬೆಳಕು ಬಿಟ್ಟರೆ ಬೇಸರಪಡಬೇಡಿ. ಆ ಹೆಚ್ಚಿನ ಹತ್ತು ನಿಮಿಷದಲ್ಲಿ ಫಿಲ್ಲಿಂಗ್‌ನ ವರ್ಷಗಳು ನಿರ್ಧಾರವಾಗುತ್ತವೆ.

ಹಾಕಿಸಿಕೊಂಡ ಮೇಲೆ ಫ್ಲೋರೈಡ್ ಇರುವ ಪೇಸ್ಟ್‌ನಲ್ಲಿ ದಿನಕ್ಕೆರಡು ಸಲ ಬ್ರಷ್ ಮಾಡಿ, ಫಿಲ್ಲಿಂಗ್ ಅಥವಾ ಕ್ಯಾಪ್‌ನ ಅಂಚನ್ನು ಬಿಡಬೇಡಿ. ಕಚ್ಚಿದಾಗ ಎತ್ತರ ಅನ್ನಿಸಿದರೆ, ಅಗಿದು ಬಿಟ್ಟ ಕ್ಷಣ ಚುಳ್ ಎಂದರೆ, ಆಹಾರ ಅದೇ ಜಾಗದಲ್ಲಿ ಸಿಕ್ಕಿಕೊಳ್ಳಲು ಶುರುವಾದರೆ ತಡಮಾಡದೆ ತೋರಿಸಿ. ಬಿಟ್ಟ ಕ್ಷಣ ಬರುವ ನೋವು ಹಲ್ಲು ಬಿರುಕು ಬಿಟ್ಟಿರುವುದರ ಸೂಚನೆ ಆಗಿರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಚಿಕಿತ್ಸೆ ಆಗದ ಹುಳುಕಿದೆ. ನಿಮ್ಮ ಮನೆಯ ಗ್ರೂಪ್‌ನಲ್ಲೂ ಒಬ್ಬರಿಗಾದರೂ ಇದ್ದೀತು. “ಇವತ್ತೇ ತೆಗೆಸಿ”, “ಕೀಳಿಸಿಬಿಡಿ” ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ “ಆ ಹಲ್ಲಿನಲ್ಲಿ ಸಣ್ಣ ಕಪ್ಪು ಚುಕ್ಕೆ ಇದೆ ಅಂದಿದ್ರಲ್ಲ, ತೋರಿಸಿದ್ರಾ?” ಎಂದು ಕೇಳಿ. ಕುಳಿ ಸಣ್ಣದಿರುವಾಗ ಹೋದರೆ ಯಾವ ವಸ್ತು ಹಾಕಿದರೂ ಅದು ಚೆನ್ನಾಗಿ ಬಾಳುವ ಸಾಧ್ಯತೆ ಹೆಚ್ಚು.